ಫೋಟೋ ತೆಗೆಯದ ನಮ್ಮ ಭಾವ

ನಮ್ಮ ಭಾವನವರಷ್ಟು ಕ್ಯಾಮೆರಾ ಇಟ್ಟುಕೊಂಡವರು ಆಗಿನ ಜಯನಗರದಲ್ಲಿ ಯಾರೂ ಇರಲಿಲ್ಲ. ಅವರಷ್ಟು ಕಡಿಮೆ ಫೋಟೋ ತೆಗೆದವರೂ ಇರಲಿಲ್ಲ! ನೀವು ನಂಬುವುದಿಲ್ಲ, ನನಗೆ ಗೊತ್ತು. ಕ್ಯಾಮೆರಾ ಇರುವುದೇ ಫೋಟೋ ತೆಗೆಯುವುದಕ್ಕಲ್ಲವೆ ಎಂದು ಕೇಳುತ್ತೀರಿ. ನಾನೂ ಕೇಳಿದ್ದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಏನಮ್ಮಾ, ವೀಣೆ ಮಾಡೋನು ಕಛೇರಿ ಕೊಡ್ತಾನಾ?" ಅಂದರು. ಇಂಥವರ ಹತ್ತಿರ ವಾದ ಮಾಡಿ ಗೆಲ್ಲುವುದು ಹೇಗೆ ಹೇಳಿ!

ಭಾವ ಎಂದರೆ ನನ್ನ ಅಕ್ಕನ ಗಂಡ. ಕಾರ್ಖಾನೆಯೊಂದರಲ್ಲಿ ಅಳತೆ ಪರೀಕ್ಷೆಯ ಕೆಲಸ. ವಾರವೆಲ್ಲ ಅಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಹುಡುಕಿ ಹುಡುಕಿ ಸಾಲದೆ, ಭಾನುವಾರ ಮನೆಯಲ್ಲೂ ಅದನ್ನೇ ಹುಡುಕುತ್ತಿದ್ದರು. ನಾನು ಆಗ ಜಯನಗರಕ್ಕೆ ಅಂಟಿಕೊಂಡ ಸಿದ್ದಾಪುರದ ಕಡೆಯ ಒಂದು ಶಾಲೆಯಲ್ಲಿ ಟೀಚರ್. ಶನಿವಾರ ಬೆಳಗಿನ ಶಾಲೆ ಮುಗಿಸಿ ಮೂರನೇ ಬ್ಲಾಕಿನ ಅಕ್ಕನ ಮನೆ ಸೇರಿದರೆ ಮತ್ತೆ ಹೊರಡುವುದು ಸೋಮವಾರವೇ. ಆದ್ದರಿಂದ ನಾನು ಹೇಳುವುದೆಲ್ಲ ಕಣ್ಣಾರೆ ಕಂಡದ್ದು. ಒಂದಿಷ್ಟು ಉಪ್ಪು ಖಾರ ಬಿದ್ದಿದ್ದರೆ ಅದು ನಾದಿನಿಯ ಹಕ್ಕು.

ಭಾವನಿಗೆ ಎಲ್ಲಾ ಕ್ಯಾಮೆರಾಗಳೂ ಆಗುತ್ತಿರಲಿಲ್ಲ. ರೇಂಜ್‌ಫೈಂಡರ್ ಅನ್ನುವ ಒಂದು ಜಾತಿ ಇದೆ, ಅದೇ ಬೇಕು. ಅದೂ ಹಳೆಯದೇ ಆಗಬೇಕು. ಯುದ್ಧಕ್ಕೆ ಮುಂಚಿನ ಜರ್ಮನಿಯದು, ಅದನ್ನು ನೋಡಿಕೊಂಡು ಮಾಡಿದ ರಷ್ಯಾದ್ದು, ಆಮೇಲೆ ಬಂದ ಜಪಾನಿನದು. ಈ ಕ್ಯಾಮೆರಾದಲ್ಲಿ ಫೋಟೋ ಹಿಡಿಯುವ ಲೆನ್ಸು ಬೇರೆ, ನಾವು ಕಣ್ಣಿಟ್ಟು ನೋಡುವ ಕಿಂಡಿ ಬೇರೆ. ಕಿಂಡಿಯ ನಡುವೆ ಒಂದು ಹಳದಿ ಚೌಕ. ಅದರೊಳಗೆ ಎಲ್ಲವೂ ಎರಡೆರಡಾಗಿ ಕಾಣುತ್ತದೆ. ಲೆನ್ಸನ್ನು ಮೆಲ್ಲಗೆ ತಿರುಗಿಸುತ್ತಾ ಹೋದರೆ ಎರಡೂ ಹತ್ತಿರ ಹತ್ತಿರ ಬಂದು ಕೊನೆಗೆ ಒಂದಾಗುತ್ತವೆ. ಒಂದಾಯಿತೋ, ಫೋಕಸ್ ಸರಿಯಾಯಿತು ಅಂತ. "ನೋಡಮ್ಮಾ, ಎರಡು ಒಂದಾಗೋದನ್ನ ನೋಡೋದಿದೆಯಲ್ಲ, ಅದಕ್ಕಿಂತ ಸುಖ ಇನ್ನೊಂದಿಲ್ಲ," ಅನ್ನುತ್ತಿದ್ದರು ಭಾವ. ಅಡುಗೆಮನೆಯಿಂದ ಅಕ್ಕ, "ಮದುವೆ ಮಾಡ್ಕೊಂಡ ಮೇಲೂ ಅದನ್ನ ಕಿಂಡೀಲೇ ನೋಡ್ಬೇಕೇನು?" ಅನ್ನುತ್ತಿದ್ದಳು.

ಅಕ್ಕ ಹಾಗೆ ಚುಚ್ಚುವುದಕ್ಕೆ ಕಾರಣವಿತ್ತು. ಅವರ ಮದುವೆಯ ಒಂದೇ ಒಂದು ಫೋಟೋ ಇರಲಿಲ್ಲ!

ಮದುವೆಗೆ ನಮ್ಮಪ್ಪ ಸ್ಟುಡಿಯೋದವರೊಬ್ಬರನ್ನು ಗೊತ್ತು ಮಾಡಿದ್ದರು. ಅವರು ದೊಡ್ಡ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು ಎಲ್ಲ ಹೊತ್ತು ಛತ್ರಕ್ಕೆ ಬಂದರೆ, ವರ ಮಹಾಶಯರು, "ಆ ಡಬ್ಬಾದಲ್ಲಿ ನನ್ನ ಮದುವೆ ಹಿಡಿಯೋದು ಬೇಡ," ಅಂತ ತಿಂಡಿ ತಿನ್ನಿಸಿ ಕಳಿಸಿಬಿಟ್ಟರು. ತಾವೇ ಬಿಚ್ಚಿ ಜೋಡಿಸಿದ ಜರ್ಮನ್ ಕ್ಯಾಮೆರಾವನ್ನು ಕಾರ್ಖಾನೆಯ ಸ್ನೇಹಿತರೊಬ್ಬರ ಕೊರಳಿಗೆ ಹಾಕಿದರು. ಅವರೋ, ಅಲ್ಲಿಯವರೆಗೆ ಕ್ಯಾಮೆರಾ ಮುಟ್ಟಿದವರಲ್ಲ. ಮುಟ್ಟುವ ಆಸೆಯೂ ಅವರಿಗಿರಲಿಲ್ಲ, ಪಾಪ.

ಕಾಶಿಯಾತ್ರೆ ಶುರುವಾಯಿತು. ವರ ಪಂಚೆ ಉಟ್ಟು, ಕೊಡೆ ಹಿಡಿದು ಛತ್ರದ ಬಾಗಿಲು ದಾಟಿದರು. ನಮ್ಮಪ್ಪ ಹಿಂದೆಯೇ ಹೋಗಿ, ಕಾಶಿಗೆ ಹೋಗಬೇಡಿ, ನನ್ನ ಮಗಳನ್ನು ಕೊಡುತ್ತೇನೆ ಬನ್ನಿ ಅಂತ ಶಾಸ್ತ್ರದ ಪ್ರಕಾರ ಕರೆಯಬೇಕು. ಅಪ್ಪ ಬಾಯಿ ತೆರೆಯುವ ಮೊದಲೇ ವರ ಗಿರಕ್ಕನೆ ಹಿಂದಕ್ಕೆ ತಿರುಗಿದರು! ಹುಡುಗಿಯ ಮೇಲೆ ಎಷ್ಟು ಆಸೆ ನೋಡಿ ಅಂತ ಹೆಂಗಸರೆಲ್ಲ ನಕ್ಕರು. ಅವರು ಬಂದದ್ದು ಹುಡುಗಿಗಾಗಿ ಅಲ್ಲ. ನೇರವಾಗಿ ಸ್ನೇಹಿತರ ಹತ್ತಿರ ಹೋಗಿ, "ಹೊರಗೆ ಧೂಳು ಕಣಯ್ಯಾ, ಒಳಗೆ ಹೋಮದ ಹೊಗೆ," ಅಂತ ಲೆನ್ಸಿಗೆ ಮುಚ್ಚಳ ಹಾಕಿ, ಮತ್ತೆ ಕಾಶಿಯ ಕಡೆಗೆ ನಡೆದರು.

ಆ ಮುಚ್ಚಳವನ್ನು ಆಮೇಲೆ ಯಾರೂ ತೆಗೆಯಲಿಲ್ಲ. ನೋಡುವ ಕಿಂಡಿ ಬೇರೆಯಲ್ಲವೆ? ಸ್ನೇಹಿತರ ಕಣ್ಣಿಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತಿತ್ತು. ಧಾರೆ, ಮಾಂಗಲ್ಯ, ಸಪ್ತಪದಿ, ಕೊನೆಗೆ ಪಂಕ್ತಿಯಲ್ಲಿ ಹೋಳಿಗೆ ಬಡಿಸಿದ್ದನ್ನೂ ಬಿಡದೆ ಕ್ಲಿಕ್ಕಿಸಿದರು. ಮಂಟಪದಲ್ಲಿದ್ದ ವರ ಬೇರೆ ನಡುನಡುವೆ, "ಇನ್ನೊಂದು ಹೆಜ್ಜೆ ಹಿಂದೆ! ಎಡಕ್ಕೆ! ಬೆಳಕು ನೋಡ್ಕೊಳಯ್ಯಾ!" ಅಂತ ಕೂಗುತ್ತಿದ್ದರು. ಪುರೋಹಿತರು ತಡೆಯಲಾರದೆ, "ಸ್ವಾಮೀ, ತಾಳಿ ಕಟ್ಟೋವಾಗ ಆದ್ರೂ ಈ ಕಡೆ ನೋಡಿ," ಅಂದರು. ವಾರವಾದ ಮೇಲೆ ಫಿಲ್ಮ್ ತೊಳೆದು ಬಂತು. ಉದ್ದಕ್ಕೂ ಗಾಜಿನ ಹಾಗೆ ಬೋಳು. ಏನೆಂದರೆ ಏನೂ ಇಲ್ಲ.

ನಮ್ಮಮ್ಮ ಹಣೆ ಚಚ್ಚಿಕೊಂಡಳು. ಅಕ್ಕ ಕೋಣೆ ಸೇರಿ ಅತ್ತಳು. ಭಾವ ಬಾಗಿಲ ಹತ್ತಿರ ನಿಂತು, "ಅಳಬೇಡ ಕಣೇ. ಒಂದು ಕುಂದಿಲ್ಲದ ಕ್ಯಾಮೆರಾ ಸಿಗಲಿ. ನಿನಗೆ ಇದೇ ಧಾರೆ ಸೀರೆ ಉಡಿಸಿ ನಾನೇ ತೆಗೀತೀನಿ. ಬೇರೆ ಯಾರ ಕೈಗೂ ಕೊಡಲ್ಲ," ಅಂದರು. ಮಾತು ಕೊಟ್ಟರೆ ತಪ್ಪುವ ಜನವಲ್ಲ ಅವರು. ತೊಂದರೆ ಆದದ್ದೇ ಅಲ್ಲಿ. ಕುಂದಿಲ್ಲದ ಕ್ಯಾಮೆರಾ ಅಂದರಲ್ಲ!

ಅಂದಿನಿಂದ ಶುರುವಾಯಿತು ನೋಡಿ ಹುಡುಕಾಟ. ಸಿದ್ದಾಪುರದ ಗುಜರಿ ಅಂಗಡಿ, ಚಿಕ್ಕಪೇಟೆಯ ಭಾನುವಾರದ ಬಜಾರು, ಊರು ಬಿಟ್ಟು ಹೋಗುವ ಮುದಿ ಆಂಗ್ಲೋ ಇಂಡಿಯನ್ನರ ಮನೆ, ಎಲ್ಲಾ ಕಡೆ ಹೋಗಿ ಕೆಟ್ಟು ಕೂತ ಕ್ಯಾಮೆರಾಗಳನ್ನು ಹೊತ್ತು ತರುತ್ತಿದ್ದರು. ಊಟದ ಮೇಜಿನ ಮೇಲೆ ಹಳೆಯ ಪಂಚೆ ಹಾಸಿ ಬಿಚ್ಚುವುದು, ಒರೆಸುವುದು, ಎಣ್ಣೆ ಹಾಕುವುದು, ಮತ್ತೆ ಜೋಡಿಸುವುದು. ಹೊಸದೊಂದು ಬಂದಾಗಲೆಲ್ಲ ಅಕ್ಕ ಟ್ರಂಕಿನಿಂದ ಧಾರೆ ಸೀರೆ ತೆಗೆದು ನುಸಿಗುಳಿಗೆಯ ವಾಸನೆ ಹೋಗಲೆಂದು ನೆರಳಲ್ಲಿ ಹರಡುತ್ತಿದ್ದಳು. ಸಂಜೆಯ ಹೊತ್ತಿಗೆ ಭಾವ, "ಷಟರ್ ಒಂದು ಚೂರು ನಿಧಾನ ಕಣೇ," ಅನ್ನುವರು. ಸೀರೆ ಮಡಿಚಿಕೊಂಡು ಟ್ರಂಕಿಗೆ ಹೋಗುವುದು.

ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆಂದು ಅವರು ಕ್ಯಾಮೆರಾಗಳನ್ನು ಬಟ್ಟೆಯಲ್ಲಿ ಸುತ್ತಿ ಅಕ್ಕಿಡಬ್ಬದಲ್ಲಿ ಹೂಳುತ್ತಿದ್ದರು. ಅನ್ನದಲ್ಲಿ ಕಲ್ಲು ಎಲ್ಲರ ಮನೆಯಲ್ಲೂ ಸಿಗುತ್ತದೆ. ಅಕ್ಕನ ಮನೆಯಲ್ಲಿ ಸ್ಕ್ರೂ ಸಿಗುತ್ತಿತ್ತು! ಒಮ್ಮೆ ಊಟಕ್ಕೆ ಬಂದಿದ್ದ ನಮ್ಮ ಸೋದರತ್ತೆ ಸಾರನ್ನ ಬಾಯಿಗಿಟ್ಟವರೇ ಕೆನ್ನೆ ಹಿಡಿದುಕೊಂಡು "ಅಯ್ಯಯ್ಯೋ" ಅಂದರು. ಭಾವ ಎಲೆ ಬಿಟ್ಟು ಎದ್ದು ಓಡಿ ಬಂದರು. ಎಂಥ ಅಂತಃಕರಣ ಅಂದುಕೊಂಡಿರಾ? "ಎಲ್ಲಿ, ಎಲ್ಲಿ? ನುಂಗಬೇಡಿ ಅತ್ತೆ! ಯುಗಾದಿಯಿಂದ ಹುಡುಕ್ತಿದೀನಿ ಅದನ್ನ!" ಅಂತ ಅಂಗೈ ಒಡ್ಡಿ ನಿಂತರು.

ಜೋಡಿಸಿದ್ದು ಸರಿಯಾಯಿತೋ ಇಲ್ಲವೋ ಎಂದು ನೋಡುವುದಕ್ಕೆ ಎರಡು ಪರೀಕ್ಷೆ. ಹತ್ತಿರದ ಪರೀಕ್ಷೆಗೆ ಅಕ್ಕನ ಮೂಗುತಿ. ಒಂದು ಮೀಟರ್ ದೂರದಲ್ಲಿ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಮೂಗುತಿಯ ಹೊಳಪು ಎರಡಿದ್ದದ್ದು ಒಂದಾಗುವವರೆಗೆ ಸ್ಕ್ರೂ ತಿರುಗಿಸುತ್ತಿದ್ದರು. ಒಲೆಯ ಮೇಲೆ ಹಾಲು, ಬಾಗಿಲಲ್ಲಿ ತರಕಾರಿಯವಳು, ಅಕ್ಕ ಅಲ್ಲಾಡುವ ಹಾಗಿಲ್ಲ. ಕ್ಯಾಮೆರಾದಲ್ಲಿ ಫಿಲ್ಮಂತೂ ಇಲ್ಲ. "ನೋಡೋ ಅಷ್ಟು ನೋಡ್ತೀರ, ಹಾಗೇ ಒಂದು ತೆಗೆದುಬಿಡಬಾರದಾ?" ಅಂತ ಅಕ್ಕ ತುಟಿ ಅಲ್ಲಾಡಿಸದೆ ಕೇಳುವಳು. "ಇನ್ನೂ ಸರಿಯಾಗಿಲ್ಲ ಕಣೇ," ಅನ್ನುವರು ಇವರು.

ದೂರದ ಪರೀಕ್ಷೆಗೆ ತಾರಸಿ ಹತ್ತಬೇಕು. ಅಲ್ಲಿಂದ ಲಾಲ್‌ಬಾಗಿನ ಬಂಡೆ, ಅದರ ಮೇಲಿನ ಪುಟ್ಟ ಗೋಪುರ ಚೆನ್ನಾಗಿ ಕಾಣುತ್ತಿತ್ತು. ಅದೇ ಅವರ ಇನ್ಫಿನಿಟಿ. ಅಂದರೆ ಅನಂತ ದೂರ. ಆದರೆ ಆ ಅನಂತಕ್ಕೂ ನಮ್ಮ ತಾರಸಿಗೂ ನಡುವೆ ಎದುರುಮನೆಯವರ ಬಟ್ಟೆ ಒಣಹಾಕುವ ತಂತಿ ಇತ್ತು! ಭಾನುವಾರ ಬಂತೆಂದರೆ ಈ ಮನುಷ್ಯ ತಮ್ಮ ಮನೆಯ ಕಡೆಗೆ ಕ್ಯಾಮೆರಾ ಹಿಡಿದು ನಿಲ್ಲುವುದನ್ನು ನೋಡಿ ನೋಡಿ, ಎದುರುಮನೆಯ ಯಜಮಾನರು ಒಂದು ದಿನ ಕೆಂಡಾಮಂಡಲವಾಗಿ ಮೇಲೆ ಬಂದರು.

"ಏನ್ರೀ ಇದು, ಮರ್ಯಾದಸ್ಥರು ಇರೋ ಬೀದೀಲಿ!"

"ಗೋಪುರ ನೋಡ್ತಿದೀನಿ ಸಾರ್."

"ಯಾವ ಗೋಪುರ? ಕೊಡಿ ಇಲ್ಲಿ!"

ಅವರು ಕಿಂಡಿಗೆ ಕಣ್ಣಿಟ್ಟರು. ಭಾವ ಮೆಲ್ಲಗೆ ಲೆನ್ಸ್ ತಿರುಗಿಸಿದರು. ಎರಡು ಗೋಪುರ ಹತ್ತಿರ ಬಂದು ಒಂದಾದವು. "ಅರೆ!" ಅಂದರು ಯಜಮಾನರು. "ಇನ್ನೊಂದ್ಸಲ ಮಾಡಿ." ಇನ್ನೊಂದು ಸಲ ಆಯಿತು. ಮತ್ತೊಂದೂ ಆಯಿತು. ಕೊನೆಗೆ ಅವರ ಹೆಂಡತಿಯೇ ಬಂದು, ಗಂಡನನ್ನು ಊಟಕ್ಕೆ ಎಬ್ಬಿಸಿಕೊಂಡು ಹೋಗಬೇಕಾಯಿತು.

ಆ ಗೋಪುರ ಹೆಚ್ಚು ಕಾಲ ಉಳಿಯಲಿಲ್ಲ. ಅಂದರೆ ಅದು ಅಲ್ಲೇ ಇತ್ತು, ನಮಗೆ ಕಾಣದಾಯಿತು. ಎಂಬತ್ತರ ದಶಕ ಬರುತ್ತಲೇ ಹೆಂಚಿನ ಮನೆಗಳು ಹೋಗಿ ಮಹಡಿ ಮೇಲೆ ಮಹಡಿ ಎದ್ದವು. ಒಂದು ಭಾನುವಾರ ಭಾವ ತಾರಸಿಯಿಂದ ಇಳಿದು ಬಂದು, ಮನೆಯಲ್ಲಿ ಯಾರೋ ಹೋದವರ ಹಾಗೆ ಕೂತರು. "ಏನಾಯ್ತು ಭಾವ?" ಅಂದರೆ, "ಇನ್ಫಿನಿಟಿ ಹೋಯ್ತಮ್ಮಾ," ಅಂದರು. ನಾನು ಬಿದ್ದು ಬಿದ್ದು ನಕ್ಕೆ. ಈಗ ಆ ಬೀದಿಯಲ್ಲಿ ನಿಂತರೆ ಆಕಾಶವನ್ನೂ ಕತ್ತು ಎತ್ತಿ ಹುಡುಕಬೇಕು. ಈಗ ನಗು ಬರುವುದಿಲ್ಲ.

ಅಷ್ಟಕ್ಕೆ ಬಿಡುವ ಆಸಾಮಿಯೇ? ಜೋಳಿಗೆಯಲ್ಲಿ ಕ್ಯಾಮೆರಾ ತುಂಬಿಕೊಂಡು ಬಸ್ಸು ಹಿಡಿದು ಚಿಕ್ಕಲಸಂದ್ರದ ಕಡೆಗೆ ಹೊರಟರು. ಅಲ್ಲಿ ಇನ್ನೂ ರಾಗಿ ಹೊಲ, ತೋಪು, ದೂರದ ಗುಡ್ಡ ಇದ್ದವು. ನಮ್ಮನ್ನೂ ಕರೆದೊಯ್ಯುತ್ತಿದ್ದರು. ಅಕ್ಕ ಬುತ್ತಿ ಕಟ್ಟುವಳು. ಅವರು ಗುಡ್ಡ ನೋಡುವುದು, ನಾವಿಬ್ಬರು ಮರದ ಕೆಳಗೆ ಚಿತ್ರಾನ್ನ ತಿನ್ನುತ್ತಾ ಅವರನ್ನು ನೋಡುವುದು. "ಎಲ್ಲರ ಗಂಡಂದಿರು ಹೆಂಡತೀನ ಸಿನಿಮಾಕ್ಕೆ ಕರ್ಕೊಂಡು ಹೋಗ್ತಾರೆ. ನನ್ನ ಗಂಡ ಇನ್ಫಿನಿಟಿಗೆ ಕರ್ಕೊಂಡು ಬರ್ತಾರೆ," ಅನ್ನುತ್ತಿದ್ದಳು ಅಕ್ಕ. ಆ ಗಾಳಿ, ಆ ಹಸಿರು, ಅವಳ ಕೈಯ ಆ ಚಿತ್ರಾನ್ನ! ಬೆಂಗಳೂರಿನ ಅಷ್ಟೂ ಹೋಟೆಲುಗಳನ್ನು ಒಟ್ಟು ಸೇರಿಸಿ ಕೊಟ್ಟರೂ ನನಗೆ ಅದೇ ಬೇಕು ಅನ್ನಿಸುತ್ತದೆ.

ಇನ್ನು ಮಾರಾಟದ ವಿಷಯ. ಕುಂದು ಕಂಡ ಕ್ಯಾಮೆರಾಗಳನ್ನು ಮಾರಿ ಬೇರೆ ಕೊಳ್ಳುವುದು ಎಂದು ನಿಯಮ. ಆದರೆ ಕೊಳ್ಳಲು ಬಂದವರು ಹೆಣ್ಣು ಕೇಳಲು ಬಂದವರಿಗಿಂತ ಹೆಚ್ಚು ಪ್ರಶ್ನೆಗಳಿಗೆ ಉತ್ತರ ಕೊಡಬೇಕಿತ್ತು. ಬಿಟಿಎಂ ಲೇಔಟಿನಲ್ಲಿ ಹೊಸದಾಗಿ ಮನೆ ಮಾಡಿದ್ದ ಒಬ್ಬ ತರುಣ ಬ್ಯಾಂಕ್ ನೌಕರ ಬಂದಿದ್ದ.

"ಮನೆ ಗೋಡೆ ಮಳೆಗಾಲದಲ್ಲಿ ಬೆವರುತ್ತಾ?"

"ಗೊತ್ತಿಲ್ಲ ಸಾರ್, ಹೋದ ತಿಂಗಳು ಬಂದ್ವಿ."

"ಗೊತ್ತಿಲ್ಲ ಅಂದ್ರೆ ಹೇಗಪ್ಪಾ? ಕೈ ಬೆವರೋ ಅಭ್ಯಾಸ ಇದೆಯಾ? ತೋರ್ಸು."

ಹುಡುಗ ಅಂಗೈ ತೋರಿಸಿದ. ಆಮೇಲೆ ಭಾವ ಕ್ಯಾಮೆರಾದ ಗುಣಗಳನ್ನು ಹೇಳಬಹುದಿತ್ತಲ್ಲವೆ? ಇಲ್ಲ, ದೋಷಗಳನ್ನು ಒಂದೊಂದಾಗಿ ಬಿಡಿಸಿ ಹೇಳಿದರು. ಹುಡುಗ ಅಷ್ಟಾದರೂ ಕೊಂಡ. ಅಕ್ಕ ಒಳಗಿನಿಂದ ತಟ್ಟೆಯಲ್ಲಿ ಅರಿಶಿನ, ಕುಂಕುಮ, ಎಲೆ ಅಡಿಕೆ ಇಟ್ಟುಕೊಂಡು ಬಂದು, "ತವರುಮನೆಯಿಂದ ಹೊರಟಿದ್ದಾಳೆ, ಸುಮ್ನೆ ಹಾಗೇ ಕಳಿಸ್ಬಾರದು," ಅಂತ ಕ್ಯಾಮೆರಾದ ಚರ್ಮದ ಚೀಲಕ್ಕೆ ಕುಂಕುಮ ಹಚ್ಚಿದಳು. ಗೇಲಿ ಅಂತ ನನಗೂ ಆ ಹುಡುಗನಿಗೂ ಅರ್ಥವಾಯಿತು. ಭಾವ ಮಾತ್ರ ಕಣ್ಣೊರೆಸಿಕೊಂಡರು!

ಮುಂದಿನ ಭಾನುವಾರ ಅವರು ಬಿಟಿಎಂ ಲೇಔಟಿಗೆ ಹೋದರು. ಅದರ ಮುಂದಿನ ಭಾನುವಾರವೂ ಹೋದರು. ಸುಮ್ಮನೆ, ಚೆನ್ನಾಗಿದೆಯಾ ಅಂತ ನೋಡಿಕೊಂಡು ಬರುವುದಕ್ಕೆ. ಸ್ವಲ್ಪ ದಿನಕ್ಕೆ ಆ ಹುಡುಗನೇ ಕ್ಯಾಮೆರಾ ತಂದು ಮೇಜಿನ ಮೇಲಿಟ್ಟು, ಕೈ ಮುಗಿದು, "ಸಾರ್, ದಯವಿಟ್ಟು ಇಟ್ಕೊಳಿ. ನನ್ನ ಹೆಂಡ್ತಿ ಭಾನುವಾರ ಬಂದ್ರೆ ಹೆದರ್ಕೊಳ್ತಾಳೆ," ಅಂದ. ಭಾವನ ಮುಖ ನೋಡಬೇಕಿತ್ತು, ಮಗಳು ಬಾಣಂತನಕ್ಕೆ ಬಂದ ಹಾಗೆ ಅರಳಿತ್ತು.

ಅಕ್ಕನಿಗೂ ಒಮ್ಮೆ ತಾಳ್ಮೆ ಕೆಟ್ಟಿತು. "ನೀವು ತೆಗೆಯೋದಿಲ್ಲ, ಹಲ್ಲು ಬಿದ್ದ ಮೇಲೆ ನನಗೆ ಬೇಡ," ಅಂತ ಧಾರೆ ಸೀರೆ ಉಟ್ಟು, ಹೂ ಮುಡಿದು, ಗಂಡನನ್ನು ಎಳೆದುಕೊಂಡು ಬನಶಂಕರಿಯ ಒಂದು ಸ್ಟುಡಿಯೋಕ್ಕೆ ನಡೆದಳು. ಇವತ್ತು ಆಗಿಯೇ ಆಗುತ್ತದೆ ಅಂತ ನಾನೂ ಹಿಂದೆ ಹೋದೆ. ಸ್ಟುಡಿಯೋದವರು ಇಬ್ಬರನ್ನೂ ಪರದೆಯ ಮುಂದೆ ಕೂರಿಸಿದರು, ದೀಪ ಹಾಕಿದರು, ಗಲ್ಲ ಸ್ವಲ್ಪ ಮೇಲೆ ಅಂದರು. ಷಟರ್ "ಚಕ್" ಅಂದಿತು. ಭಾವ ಎದ್ದು ನಿಂತರು.

"ಏನ್ರೀ ಅದು ಸದ್ದು? ಸ್ಪ್ರಿಂಗ್ ದಣಿದಿದೆಯಲ್ರೀ ಪಾಪ!"

ಆಮೇಲೆ ಕೇಳಬೇಕೆ! ಪರದೆಯ ಮುಂದಿನ ಸ್ಟೂಲೇ ಮೇಜಾಯಿತು. ಜೇಬಿನಿಂದ ಪುಟ್ಟ ಸ್ಕ್ರೂಡ್ರೈವರ್ ಬಂತು. ಅಕ್ಕ ಸೀರೆಯ ನೆರಿಗೆ ಹಿಡಿದು ಕೂತೇ ಇದ್ದಳು. ದೀಪದ ಬಿಸಿಗೆ ಮುಡಿದ ಮಲ್ಲಿಗೆ ಬಾಡಿತು. ಕ್ಯಾಮೆರಾ ರಿಪೇರಿಯಾಯಿತು, ಆದರೆ ಅಷ್ಟರಲ್ಲಿ ಮೊದಲು ತೆಗೆದ ಫಿಲ್ಮಿಗೆ ಬೆಳಕು ಬಿದ್ದು ಹಾಳಾಗಿ, ಕರೆಂಟೂ ಹೋಯಿತು. ಸ್ಟುಡಿಯೋದವರು ಮಾತ್ರ ಬಹಳ ಸಂತೋಷಪಟ್ಟರು. ಅಲ್ಲಿಂದಾಚೆಗೆ ಪ್ರತಿ ದೀಪಾವಳಿಗೂ ಭಾವನಿಗೆ ಮೈಸೂರು ಪಾಕ್ ಕಳಿಸುತ್ತಿದ್ದರು. ಅಕ್ಕ ಅದನ್ನು ಮುಟ್ಟುತ್ತಿರಲಿಲ್ಲ.

ಆಟೋದಲ್ಲಿ ವಾಪಸ್ಸು ಬರುವಾಗ ನನಗೆ ಸಿಟ್ಟು ತಡೆಯಲಾಗಲಿಲ್ಲ. "ಭಾವ, ಅಲ್ಲಾಡಿದ್ರೂ, ಮಬ್ಬಾದ್ರೂ ಪರವಾಗಿಲ್ಲ, ಒಂದು ತೆಗೆದುಕೊಡಿ. ಯಾಕೆ ಹೀಗೆ ಮಾಡ್ತೀರ?" ಅಂದೆ. ಅವರು ನನಗಷ್ಟೇ ಕೇಳುವ ಹಾಗೆ, "ಒಂದ್ಸಲ ಅವಳಿಗೆ ಬೋಳು ಫಿಲ್ಮ್ ತೋರಿಸಿದೀನಮ್ಮ. ಇನ್ನೊಂದ್ಸಲ ತೋರಿಸೋ ಧೈರ್ಯ ಇಲ್ಲ," ಅಂದರು.

ಇದಾಗಿ ಕೆಲವು ವರ್ಷಕ್ಕೆ ವಿಚಿತ್ರವೊಂದು ಶುರುವಾಯಿತು. ಮನೆಯಲ್ಲಿದ್ದ ಕ್ಯಾಮೆರಾಗಳೆಲ್ಲ ಒಂದೊಂದಾಗಿ ಕೆಡತೊಡಗಿದವು! ಜರ್ಮನಿಯದರ ಫೋಕಸ್ ತಪ್ಪಿದೆ ಅಂತ ಭಾವ ಬಿಚ್ಚಿದರು. ರಷ್ಯಾದ್ದೂ ತಪ್ಪಿದೆ ಅಂದರು. ಕೊನೆಗೆ ಜಪಾನಿನದೂ. "ಎರಡೂ ಒಂದಾಗ್ತಾನೇ ಇಲ್ಲ ಕಣಮ್ಮ. ಎಲ್ಲದಕ್ಕೂ ಒಟ್ಟಿಗೇ ಏನು ಬಂತು?" ಅಂತ ದಿನವೆಲ್ಲ ಮೇಜಿನ ಮುಂದೆ ಒದ್ದಾಡುತ್ತಿದ್ದರು. ಒಂದು ದಿನ ನಾನು ಸುಮ್ಮನೆ ಜರ್ಮನಿಯದನ್ನು ತೆಗೆದುಕೊಂಡು ಕಿಂಡಿಗೆ ಕಣ್ಣಿಟ್ಟು ಬಾಗಿಲ ಚಿಲಕ ನೋಡಿದೆ. ಲೆನ್ಸ್ ತಿರುಗಿಸಿದೆ. ಎರಡು ಚಿಲಕ ಸಲೀಸಾಗಿ ಒಂದಾದವು. ಇನ್ನೊಂದು ಕ್ಯಾಮೆರಾ ತೆಗೆದುಕೊಂಡೆ. ಅದೂ ಸರಿಯಾಗಿತ್ತು. ನಾನು ತಲೆ ಎತ್ತಿದರೆ ಭಾವ ನನ್ನನ್ನೇ ನೋಡುತ್ತಿದ್ದರು. "ಸರಿ ಇದೆಯಾ?" ಅಂದರು. ನಾನು ತಲೆಯಾಡಿಸಿದೆ. ಅವರಿಗೆ ಗೊತ್ತಾಯಿತು.

ಎರಡೂ ಕಣ್ಣಿಗೆ ಪೊರೆ ಬಂದಿತ್ತು. ತಡವಾಗಿದೆ, ಒಂದು ಕಣ್ಣು ಹೆಚ್ಚುಕಡಿಮೆ ಹೋದಂತೆಯೇ, ಇನ್ನೊಂದಕ್ಕೆ ಆಪರೇಷನ್ ಮಾಡಿ ನೋಡೋಣ, ಭರವಸೆ ಕೊಡಲಾರೆ ಅಂದರು ಡಾಕ್ಟರು. ಭಾವ ಮನೆಗೆ ಬಂದವರೇ ಎಲ್ಲಾ ಕ್ಯಾಮೆರಾಗಳನ್ನೂ ಒರೆಸಿ ಚೀಲಕ್ಕೆ ಹಾಕಿದರು. ಯಾವುದನ್ನೂ ಬಿಚ್ಚಲಿಲ್ಲ.

ಈಗ ಅಕ್ಕನೂ ಇಲ್ಲ, ಭಾವನೂ ಇಲ್ಲ. ಇಬ್ಬರೂ ಜೊತೆಗಿರುವ ಒಂದು ಫೋಟೋ ನನ್ನ ಹತ್ತಿರ ಇಲ್ಲ. ಅವರನ್ನು ನೋಡದ ಮನೆಯ ಮಕ್ಕಳು, ಹೇಗಿದ್ದರು ಅವರು ಅಂತ ಕೇಳಿದರೆ ಬಾಯಿಮಾತಲ್ಲೇ ಹೇಳಬೇಕು. ಒಂದೇ ಒಂದು ಸಲ ಇಬ್ಬರನ್ನೂ ಒಟ್ಟಿಗೆ ನೋಡಬೇಕು ಅಂತ ಈ ವಯಸ್ಸಿನಲ್ಲೂ ಜೀವ ಒದ್ದಾಡುತ್ತದೆ. ಆಗ ಆಸ್ಪತ್ರೆಗೆ ಹೊರಟ ಆ ಬೆಳಗನ್ನು ನೆನೆಸಿಕೊಳ್ಳುತ್ತೇನೆ.

ಅವತ್ತು ಭಾವ ಬೇಗ ಸ್ನಾನ ಮಾಡಿ, ಹಜಾರಕ್ಕೆ ಬಂದು, "ಆ ಸೀರೆ ಉಡು," ಅಂದರು. ಅಕ್ಕ ಉಟ್ಟು ಬಂದಳು. ತಲೆಗೂದಲು ಅರ್ಧ ನರೆತಿತ್ತು, ಮೈ ತುಂಬಿತ್ತು, ಸೀರೆಯ ಜರಿ ಮಡಿಕೆಗಳಲ್ಲಿ ಕಪ್ಪಾಗಿತ್ತು. ಕಿಟಕಿಯ ಬೆಳಕಿಗೆ ಕುರ್ಚಿ ಹಾಕಿಸಿ ಭಾವ ಅವಳನ್ನು ಕೂರಿಸಿದರು. ಆ ಮನೆಯ ಕ್ಯಾಮೆರಾಕ್ಕೆ ಫಿಲ್ಮ್ ಹಾಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಮುಚ್ಚಳ ತೆಗೆದು ನನ್ನ ಕೈಗೇ ಕೊಟ್ಟು, ಕಿಂಡಿಗೆ ಕಣ್ಣಿಟ್ಟರು. ಲೆನ್ಸನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸುತ್ತಲೇ ಇದ್ದರು.

"ಆಯ್ತೇನ್ರೀ?"

"ಇರು."

ಹೊರಗೆ ಕರೆಸಿದ್ದ ಆಟೋ ಬಂದು ನಿಂತಿತು.

"ಏನ್ರೀ, ಯಾಕೆ?"

"ಎರಡೆರಡು ಕಾಣ್ತಿದ್ದೀಯ ಕಣೇ," ಅಂದರು ಭಾವ. "ಏನು ಮಾಡಿದ್ರೂ ಒಂದು ಮಾಡಕ್ಕೆ ಆಗ್ತಾ ಇಲ್ಲ."

"ಭಾವ, ನಾನು ತೆಗೀಲಾ?" ಅಂದೆ. ಅವರಿಗೆ ಕೇಳಿಸಲಿಲ್ಲ. ಅಕ್ಕ ಕುರ್ಚಿ ಬಿಟ್ಟು ಎದ್ದಳು. ಅವರ ಕಡೆಗೆ ಒಂದು ಹೆಜ್ಜೆ ಇಟ್ಟು, "ಈಗ?" ಅಂದಳು.

"ಇಲ್ಲ."

ಇನ್ನೊಂದು ಹೆಜ್ಜೆ ಇಟ್ಟಳು. "ಈಗ?"

"ಇಲ್ಲ ಕಣೇ. ಅಲ್ಲೇ ನಿಲ್ಲು, ಇನ್ನೂ ಹತ್ತಿರ ಬಂದ್ರೆ ಈ ಲೆನ್ಸ್ ಹಿಡಿಯೋದಿಲ್ಲ."

"ಹಿಡೀದಿದ್ರೆ ಬೇಡ ಬಿಡಿ," ಅಂದಳು ಅಕ್ಕ. ಬಂದು ಅವರ ಎದೆಯ ಹತ್ತಿರ ನಿಂತಳು. ಅವರ ಕೈಯನ್ನೂ ಕೈಯಲ್ಲಿದ್ದ ಕ್ಯಾಮೆರಾವನ್ನೂ ಹಿಡಿದು ಮೆಲ್ಲಗೆ ಕೆಳಗಿಳಿಸಿದಳು. "ಈಗ ನೋಡಿ. ಕಾಣ್ತಿದ್ದೀನಾ?"

ಭಾವ ನೋಡಿದರು. ರೆಪ್ಪೆ ಬಡಿಯದೆ, ಮುಖದ ಹತ್ತಿರ ಮುಖವಿಟ್ಟು ನೋಡಿದರು.

"ಕಾಣ್ತಿದ್ದೀಯ," ಅಂದರು.

"ಒಬ್ಬಳೇನಾ?"

"ಒಬ್ಬಳೇ."

ಆಟೋದವನು ಹಾರ್ನ್ ಹೊಡೆಯುತ್ತಿದ್ದ. ನಾನು ಹೊರಗೆ ಹೋಗಿ, ಸ್ವಲ್ಪ ತಡಿಯಪ್ಪಾ ಅಂದೆ.